ಏಳನೆಯ ಕಡ್ಡಿ

ಹಿರೇಕೆರೂರು, ಶಿಗ್ಗಾವಿ, ಸವಣೂರು, ಹಾನಗಲ್ಲ. ನನ್ನ ರಸಾಯನಶಾಸ್ತ್ರದ ಪಾಠವೆಲ್ಲ ಈ ನಾಲ್ಕು ಊರುಗಳಲ್ಲೇ ಮುಗಿಯಿತು. ಎಲ್ಲಿದ್ದರೂ ಗಂಟೆ ಬಾರಿಸುವ ಮೊದಲೇ ತರಗತಿಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಹಾಜರಿಗೆ ಎರಡು ನಿಮಿಷ, ಆಮೇಲೆ ನೋಟ್ಸ್. ಧಾರವಾಡದಲ್ಲಿ ಓದುವಾಗ ನನ್ನ ಗುರುಗಳು ಹೇಳಿ ಬರೆಸಿದ್ದನ್ನೇ ನಾನೂ ಒಂದಕ್ಷರ ಬಿಡದೆ ಹೇಳಿ ಬರೆಸುತ್ತಿದ್ದೆ. ಅದನ್ನೇ ಶಿಸ್ತು ಎಂದುಕೊಂಡಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಸವಣೂರಿನಲ್ಲಿದ್ದೆ. ಅಣುಗಳ ಮಾದರಿ ಮಾಡಲು ನಮ್ಮಲ್ಲಿದ್ದದ್ದು ನೆನೆಸಿದ ಕಡಲೆಕಾಳು, ಕಸಬರಿಗೆ ಕಡ್ಡಿ. ಕಾಳು ಪರಮಾಣು, ಕಡ್ಡಿ ಬಂಧ. ಒಂದು ಕಡ್ಡಿಗೆ ಒಂದು ಜೋಡಿ ಎಲೆಕ್ಟ್ರಾನ್. ಇದು ನಾನು ಹಾಕಿದ ಕಟ್ಟಳೆ.

ಅಂದಿನ ಪಾಠ ಡೈಬೋರೇನ್. ಎರಡು ಬೋರಾನ್, ಆರು ಹೈಡ್ರೋಜನ್. ನನ್ನ ನೋಟ್ಸಿನ ಪ್ರಕಾರ ಬೋರಾನುಗಳ ನಡುವೆ ಒಂದು ಕಡ್ಡಿ, ಒಂದೊಂದು ಬೋರಾನಿಗೆ ಮೂರು ಮೂರು ಹೈಡ್ರೋಜನ್. ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿಯೊಬ್ಬಳು ಎದ್ದು ನಿಂತಳು. ವೀಳ್ಯದೆಲೆ ವ್ಯಾಪಾರಿಯ ಮಗಳು.

"ಸರ, ನಿಮ್ಮ ಚಿತ್ರದಾಗ ಏಳು ಕಡ್ಡಿ ಅದಾವ್ರಿ. ಎಲೆಕ್ಟ್ರಾನ್ ಎಣಿಸಿದ್ರ ಆರ ಜೋಡಿ ಆಗ್ತಾವ. ಏಳನೇದು ಎಲ್ಲಿಂದ ಬಂತ್ರಿ?"

"ಸರ್ ಮನಿ ಕಸಬರಿಗಿಯಿಂದ!" ಎಂದಿತು ಹಿಂದಿನ ಬೆಂಚು. ತರಗತಿಗೆ ತರಗತಿಯೇ ನಕ್ಕಿತು.

ಅವಳು ನಗಲಿಲ್ಲ. ತಾನು ಮಾಡಿದ ಮಾದರಿಯನ್ನು ಮೇಜಿನ ಮೇಲಿಟ್ಟಳು. ನಾಲ್ಕು ಹೈಡ್ರೋಜನ್ನುಗಳಿಗೆ ಮಾತ್ರ ಕಡ್ಡಿ. ಉಳಿದೆರಡನ್ನು ಬೋರಾನುಗಳ ನಡುವೆ, ಒಂದು ಮೇಲೆ, ಒಂದು ಕೆಳಗೆ ಇಟ್ಟು, ಒಂದೊಂದನ್ನೂ ಎರಡೂ ಬೋರಾನುಗಳೊಡನೆ ದಾರದಿಂದ ಸುತ್ತಿದ್ದಳು. "ಇಲ್ಲಿ ಮೂರು ಕಾಳು ಕೂಡಿ ಒಂದ ಜೋಡಿ ಹಂಚಿಕೊಂಡಾವ್ರಿ. ಧಾರವಾಡದಾಗ ಖಾಲಾನ, ಅಂದ್ರ ನಮ್ಮವ್ವನ ತಂಗಿ ಮನಿಗೆ ಹೋದಾಗ ಒಂದು ಪುಸ್ತಕದಾಗ ನೋಡಿದ್ನಿ."

"ದಾರ ಹೂವಿನಂಗಡಿಯೊಳಗಿರತೈತಿ. ಕುಂದ್ರು," ಎಂದೆ.

ಪ್ರಯೋಗಶಾಲೆಯ ಜರ್ನಲ್ಲಿನಲ್ಲೂ ಅವಳು ದಾರವನ್ನೇ ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ತಿರುಗಿಸಿ ಕೊಟ್ಟೆ. ಜರ್ನಲ್ಲಿಗೆ ನನ್ನ ಸಹಿ ಬೀಳದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರುವಂತಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಮರುದಿನ ಒಬ್ಬನೇ ಕುಳಿತು ಎಲೆಕ್ಟ್ರಾನ್ ಎಣಿಸಿದೆ. ಬೋರಾನಿನವು ಮೂರು ಮೂರು, ಹೈಡ್ರೋಜನ್ನಿನವು ಆರು. ಹನ್ನೆರಡು, ಅಂದರೆ ಆರು ಜೋಡಿ. ಇಷ್ಟು ವರ್ಷ ಎಣಿಸದೆಯೇ ಬರೆಸಿದ್ದೆ. ನೋಟ್ಸ್ ಮಡಚಿಟ್ಟೆ.

ವಾರದ ಮೇಲೆ ಅವಳ ತಂದೆ ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. "ಸರ, ಬೇಟಿ ತಪ್ಪು ಮಾಡಿದ್ರ ಬೈರಿ, ಆದ್ರ ಸಹಿ ಮಾಡ್ರಿ. ಫಸ್ಟ್ ಕ್ಲಾಸ್ ಬಂದ್ರ ಅಕಿ ಖಾಲಾನ ಮನ್ಯಾಗ ಇದ್ದು ಎಮ್ಮೆಸ್ಸಿ ಓದ್ಲಿ ಅಂತ ಮಾತು ಕೊಟ್ಟೇನಿ. ಇಲ್ಲಂದ್ರ ಹುಡುಗನ ಕಡಿಯವ್ರು ಕಾಯಾಕತ್ತಾರ."

"ನಾ ಬರೆಸಿದಂಗ ಬರಕೊಂಡು ಬರ್ಲಿ. ಸಹಿ ಮಾಡ್ತೇನಿ."

ಬರೆದುಕೊಂಡು ಬಂದಳು. ಏಳು ಕಡ್ಡಿ, ಸ್ಕೇಲು ಹಿಡಿದು ಎಳೆದದ್ದು. ಸಹಿ ಮಾಡಿದೆ.

ಪರೀಕ್ಷೆಗೆ ಧಾರವಾಡದಿಂದ ಪರೀಕ್ಷಕರು ಬಂದರು. ನಾನು ಅವರ ಪಕ್ಕದ ಕುರ್ಚಿಯಲ್ಲಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಅವರು ಒಬ್ಬೊಬ್ಬರ ಜರ್ನಲ್ಲಿನಲ್ಲೂ ಕೈಗೆ ಸಿಕ್ಕ ಒಂದೇ ಪುಟ ತೆರೆದು ಕೇಳುತ್ತಿದ್ದರು; ಅವಳದರಲ್ಲಿ ಸಿಕ್ಕಿದ್ದು ಡೈಬೋರೇನಿನ ಪುಟವೇ.

"ಏನವ್ವಾ ಇದು? ಈ ರಚನೆ ಬಿಟ್ಟು ಎಷ್ಟ ವರ್ಷಾತು! ಯಾರ್ ಹೇಳಿಕೊಟ್ರು ನಿನಗ?"

ಅವಳು ನನ್ನತ್ತ ನೋಡಿದಳು. ನಾನು ಬಾಯಿ ಬಿಡುತ್ತೇನೇನೋ ಎಂದು ಕಾದಳು. ನಾನು ಅಂಕಪಟ್ಟಿಯ ಅಂಚನ್ನು ಸರಿಪಡಿಸುತ್ತಿದ್ದೆ. ಹೊರಗಿನವರ ಮುಂದೆ ಮಾಸ್ತರರ ಮಾನ ಕಳೆಯಬಾರದೆಂಬುದು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡದೆಯೇ ಬಂದಿರುತ್ತದೆ.

"ಯಾರೂ ಅಲ್ರಿ. ನಾನ ತಪ್ಪು ಬರದೇನ್ರಿ," ಎಂದಳು.

ಅವರು ಅಂಕ ಹೊಡೆದು ಹಾಕಿದರು. ನನ್ನ ಅಭಿಪ್ರಾಯವನ್ನೂ ಕೇಳಿದರು. ಸರಿಯೆಂದು ತಲೆಯಾಡಿಸಿದೆ. ಫಲಿತಾಂಶ ಬಂದಾಗ ಫಸ್ಟ್ ಕ್ಲಾಸ್ ಕೂದಲೆಳೆಯಲ್ಲಿ ತಪ್ಪಿತ್ತು. ಆ ಬೇಸಿಗೆಯಲ್ಲೇ ಮದುವೆಯಾಯಿತು. ಸಹಿ ಮಾಡಿದ ಉಪಕಾರಕ್ಕೆಂದು ಅವಳ ತಂದೆ ಒಂದು ಕಟ್ಟು ಎಲೆ ತಂದುಕೊಟ್ಟರು. ಇಸಿದುಕೊಂಡೆ.

ಮರುವರ್ಷ ಹಾನಗಲ್ಲಿಗೆ ವರ್ಗವಾಯಿತು. ಗಂಟೆಗೆ ಮೊದಲೇ ಬಾಗಿಲಲ್ಲಿದ್ದೆ. ಹಾಜರಿ ಎರಡು ನಿಮಿಷ. ಡೈಬೋರೇನಿನ ದಿನ ಕಡಲೆಕಾಳು ಇಟ್ಟು, ನಾಲ್ಕು ಕಡ್ಡಿ ಚುಚ್ಚಿ, ಕಿಸೆಯಿಂದ ದಾರ ತೆಗೆದು ಸುತ್ತಿದೆ. ಎಲ್ಲರಿಗೂ ಒಮ್ಮೆಗೇ ತಿಳಿಯಿತು. ಮುಂದಿನ ಬೆಂಚಿನವಳೊಬ್ಬಳು ಹಿಗ್ಗಿ ಕೇಳಿದಳು:

"ದಾರದ್ದು ಭಾಳ ಚಲೋ ಐತ್ರಿ ಸರ. ಯಾರ್ ಹುಡುಕಿದ್ರಿ ಇದನ್ನ?"

"ನಾನ," ಎಂದೆ.