ಗಾಳಿ ಮೇಸ್ತ್ರಿ
ಗುಬ್ಬಿಯಲ್ಲಿ ಟೀಚರ್ ಶಶಿಕಲಾರ ಮನೆ ಕಟ್ಟುತ್ತಿರುವ ಮೇಸ್ತ್ರಿ ಆಂಜನಪ್ಪನ ಕೈಯಲ್ಲಿ ಕರಣೆಗಿಂತ ಹೆಚ್ಚು ಹೊತ್ತು ಇರುವುದು ಬ್ಯಾಟರಿಯ ಪುಟ್ಟ ಬ್ಲೋವರ್. ವೈರಿನ ರಗಳೆಯಿಲ್ಲ, ಗುಂಡಿ ಒತ್ತಿದರೆ ಸಿಮೆಂಟಿನ ಧೂಳು, ಮರದ ಹೊಟ್ಟು ಎಲ್ಲ ಮೂಲೆ ಬಿಟ್ಟು ಓಡುತ್ತವೆ. ‘ಪೊರಕೆ ಕಾಲ ಮುಗೀತು ಬುಡಿ’ ಎನ್ನುತ್ತ ಅವನು ಕೂರುವ ಮುನ್ನ ಕುರ್ಚಿಗೆ, ಕುಡಿಯುವ ಮುನ್ನ ಟೀಗೆ, ಮನೆಗೆ ಹೊರಡುವ ಮುನ್ನ ತನ್ನ ತಲೆಗೂ ಗಾಳಿ ಬಿಡುತ್ತಾನೆ. ಬ್ಯಾಟರಿ ಸತ್ತರೆ ಅದನ್ನು ಕೂಸಿನಂತೆ ಅವುಚಿಕೊಂಡು ಪಕ್ಕದ ಮನೆಗೆ ಚಾರ್ಜಿಗೆ ಒಯ್ಯುತ್ತಾನೆ. ಅವನಲ್ಲಿ ಒಂದೇ ಕುಂದು. ಗೋಡೆ ಎಲ್ಲಿ ಬರಬೇಕೆಂದು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಯನ್ನೂ ಕಸದ ಜೊತೆ ಹಾರಿಸಿಬಿಡುತ್ತಾನೆ. ತುಮಕೂರಲ್ಲಿ ಹಾರಿಸಿದ್ದ, ಕುಣಿಗಲ್ಲಿನಲ್ಲೂ ಹಾರಿಸಿದ್ದ. ಇಲ್ಲಿ ಶಶಿಕಲಾರ ಗಂಡ ಗಂಗಾಧರ್, ದೊಡ್ಡ ಸೋಫಾ ಹಿಡಿಸಲೆಂದು ಹೆಂಡತಿ ಬೇಡವೆಂದರೂ ಅಡುಗೆಮನೆಯನ್ನು ಕುಗ್ಗಿಸಿ ಗೆರೆ ಹಾಕಿಸಿದ್ದರು. ಗೋಡೆ ಏಳಬೇಕಾದ ದಿನ ಬೆಳಿಗ್ಗೆ ಗೆರೆಯೇ ಇಲ್ಲ. ‘ಏನ್ ಮೇಸ್ತ್ರಿ, ಗೋಡೆ ಎಲ್ಲಯ್ಯ?’ ‘ಗಾಳಿಗೆ ಹೋಯ್ತು ಸಾ. ಜಾಗ ನೆಪ್ಪೈತೆ ಬುಡಿ’ ಎಂದು ಅವನು ಎಳೆದ ಹೊಸ ಗೆರೆಯಲ್ಲಿ ಅಡುಗೆಮನೆ ಎರಡಡಿ ಬೆಳೆದಿತ್ತು. ಟೇಪು ಹಿಡಿಯುವ ಅಭ್ಯಾಸವಿಲ್ಲದ ಗಂಗಾಧರ್ ತಲೆಯಾಡಿಸಿದರು, ಗೆರೆಯನ್ನು ಕಣ್ಣಲ್ಲೇ ಅಳೆದ ಶಶಿಕಲಾ ಮೇಸ್ತ್ರಿಗೆ ಟೀ ತಂದಿಟ್ಟರು. ತುಮಕೂರು, ಕುಣಿಗಲ್ಲಿನಲ್ಲೂ ಹಾರಿದ್ದು ಅಡುಗೆಮನೆಯ ಗೆರೆಯೇ ಎಂದು ಕೂಲಿಯಾಳುಗಳಿಂದ ಕೇಳಿದ್ದ ಅವರಿಗೆ, ಅದೇ ಏಕೆಂಬ ಕುತೂಹಲ ಮಾತ್ರ ಉಳಿಯಿತು. ಒಂದು ಸಂಜೆ ಶಶಿಕಲಾ ಸೈಟಿನ ಬೀಗದ ಕೈ ಕೊಡಲು ಆಂಜನಪ್ಪನ ಬಾಡಿಗೆ ಮನೆಗೆ ಹೋದರೆ, ಅವನ ಹೆಂಡತಿ ಲಕ್ಷ್ಮೀದೇವಮ್ಮ ಇಕ್ಕಟ್ಟಿನ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಪ್ರತಿ ಸುತ್ತಿಗೂ ಮೊಣಕೈ ಗೋಡೆಗೆ ತಾಗುತ್ತಿತ್ತು. ತಾಗಿದ ಜಾಗದಲ್ಲಿ ಗಾರೆ ಸವೆದು ಬಟ್ಟಲಿನಂಥ ಗುಳಿ ಬಿದ್ದಿತ್ತು. ಶಶಿಕಲಾ ಅದನ್ನೇ ನೋಡುವುದನ್ನು ಕಂಡು ಆಂಜನಪ್ಪ ಬ್ಲೋವರನ್ನು ಗೂಟಕ್ಕೆ ನೇತುಹಾಕಿದ. ‘ಇದು ಆಗ್ಲೇ ಕಟ್ಬುಟ್ಟಿರೋ ಗೋಡೆ ಕಣಮ್ಮ’ ಎಂದ, ‘ಗಾಳಿಗೆ ಹೋಗಾಕಿಲ್ಲ.’