ಅರ್ಧ ಕೆರೆಯ ಮಾತು

ಮೊನ್ನೆ ಪೂಜೆ ಮುಗಿಸಿ ಹೊರಗೆ ಬಂದಾಗ ಪಂಚಾಯತಿಯವರು ಕೆರೆಯ ಹೂಳಿನ ಒಂದು ಹಸಿ ಹೆಂಟೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಕುಳಿತಿದ್ದರು. ಕೆರೆಯಲ್ಲಿ ಮತ್ತೆ ಹೂಳು ತುಂಬಿದೆ, ತೆಗೆಸಬೇಕು ಎಂಬುದು ಅವರ ವಿಚಾರ. ಆ ಎರೆಮಣ್ಣಿನ ವಾಸನೆ ಮೂಗಿಗೆ ತಾಗಿತು; ಬಾಜೂ ಮನೆಯಲ್ಲಿದ್ದ ಓವರಸಿಯರರು ನೆನಪಾದರು...

ನವಲಗುಂದದ ಕಡೆಯ ನಮ್ಮೂರಿನಲ್ಲಿ ಬಾವಿಯ ನೀರೆಲ್ಲ ಸವಳು, ಬಾಯಿಗಿಟ್ಟರೆ ಉಪ್ಪು. ಕುಡಿಯಲು, ಅಡುಗೆಗೆ, ಲಿಂಗದ ಮಜ್ಜನಕ್ಕೆ ಆ ಒಂದು ಕೆರೆಯೇ ಗತಿ. ಓವರಸಿಯರರು ನೀರಾವರಿ ಕೆಲಸದಿಂದ ನಿವೃತ್ತರಾಗಿ ಊರಿಗೆ ಮರಳಿದವರು. ಸಂಜೆ ಗುಡಿಯ ಕಟ್ಟೆಯಲ್ಲಿ ಊರ ಜಂಗಮನಾದ ನಾನು ಪುರಾಣ ಓದುತ್ತಿದ್ದರೆ ಅವರು ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರನ್ನು ಒಡಹುಟ್ಟಿದ ಅಣ್ಣನೆಂದೇ ತಿಳಿದಿದ್ದೆ.

ಹಿಂದಿನ ಸಲ ಹೂಳೆತ್ತುವ ಯೋಜನೆಯನ್ನು ರೂಪಿಸಿದವರು ಅವರೇ. ಬೇಸಿಗೆಯ ಆರಂಭದಲ್ಲಿ ಕೆರೆಯನ್ನು ಪೂರ್ತಿ ಬರಿದು ಮಾಡುವುದು, ಊರವರೇ ಕೂಡಿ ಹೂಳು ತೆಗೆಯುವುದು, ಕೆಲಸ ಮುಗಿಯುತ್ತಲೇ ಕಾಲುವೆಯ ನೀರಿನಿಂದ ಮತ್ತೆ ತುಂಬಿಸಿಕೊಳ್ಳುವುದು. ಗುಡಿಯ ಮುಂದೆ ಸೇರಿದ ಸಭೆಯಲ್ಲಿ ಹೂ ಮಾರುವ ಮುದುಕಿ ಎದ್ದು ನಿಂತಳು.

"ನಡುವ ಒಂದ ಒಡ್ಡು ಹಾಕಿ, ಅರ್ಧ ಕೆರಿ ನೀರು ಇಟಗೊಂಡು ಅರ್ಧ ತಗೀರಲ್ರಿ. ಕಾಲುವಿ ನೀರು ಬರಲಿಲ್ಲಂದ್ರ ಏನ ಕುಡಿಯೂಣು?"

"ಹಂಚಿನ ಮ್ಯಾಲ ಅರ್ಧ ರೊಟ್ಟಿ ಬೇಯಸ್ತಿಯೇನ ಬೇ ನೀ?" ಎಂದರು ಓವರಸಿಯರರು.

ಸಭೆ ನಕ್ಕಿತು. ನಕ್ಕರೂ ಯಾರೊಬ್ಬರೂ ಒಪ್ಪಿಗೆಯ ಮಾತಾಡಲಿಲ್ಲ. ಆಗ ಅವರು ನನ್ನತ್ತ ನೋಡಿದರು. ನಾನು ಎದ್ದು, ಕೊರಳಿನ ಲಿಂಗವನ್ನು ಮುಟ್ಟಿ, ಇವರ ಮಾತನ್ನು ನನ್ನ ಮಾತೆಂದೇ ತಿಳಿಯಿರಿ, ನೀರು ಬಂದೇ ಬರುತ್ತದೆ ಎಂದೆ. ಮರುದಿನ ಊರು ಸಲಿಕೆ ಹಿಡಿಯಿತು.

ಕೆರೆ ಬರಿದಾಯಿತು, ಹೂಳು ಹೊರಬಿತ್ತು. ಕಾಲುವೆಗೆ ನೀರು ಬರಲಿಲ್ಲ. ಟ್ಯಾಂಕರಿನ ಮುಂದೆ ಕೊಡಗಳ ಸಾಲು, ಜಗಳ... ನಾನು ಹಾದುಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಆ ಮುದುಕಿ ಮಾತ್ರ ಖಾಲಿ ಕೊಡವನ್ನು ಮುಂದೆ ಹಿಡಿದು ಕೇಳಿದಳು: "ಅಪ್ಪಾರ, ನಿಮ್ಮ ಮಾತ ತುಂಬಿಕೊಂಡ ಹೋಗಲೇನ್ರಿ ಇದರಾಗ?"

ಒಂದು ಮುಂಜಾನೆ ಪೂಜೆಗೆ ನೀರಿಲ್ಲದೆ ತಂಬಿಗೆ ಹಿಡಿದು ಓವರಸಿಯರರ ಮನೆಗೆ ಹೋದೆ. ಅವರಿರಲಿಲ್ಲ. ಅವರ ಪತ್ನಿ ಅಡುಗೆಮನೆಯಿಂದಲೇ, "ಹಿತ್ತಲಕ್ಕ ಹೋಗಿ ತಗೋರಿ ಅಣ್ಣಾರ. ಹಾಸುಗಲ್ಲು ಸರಿಸಿದ್ರ ಆತು" ಎಂದರು. ಸರಿಸಿದೆ. ಕೆಳಗೆ ಹೊಸದಾಗಿ ಕಟ್ಟಿಸಿದ ತೊಟ್ಟಿ. ಅದರ ತುಂಬ ನಮ್ಮ ಕೆರೆಯ ಸಿಹಿನೀರು.

"ಕೆರಿ ಬರಿದು ಮಾಡೂಕಿಂತ ಮೊದಲ ತುಂಬಿಸಿಟ್ಟಾರ್ರಿ," ಎಂದರು ಹೊರಗೆ ಬಂದ ಆ ತಾಯಿ, ನಿಷ್ಕಪಟವಾಗಿ. "ಕಾಲುವಿ ನೀರು ಈ ಸಲ ತಡಾ ಆಗತೈತಿ ಅಂತ ಅವರಿಗೆ ಗೊತ್ತಿತ್ತಲ್ರಿ."

ತಂಬಿಗೆ ಬರಿದಾಗಿಯೇ ಮರಳಿತು. ಅಂದು ಸವಳು ನೀರಿನಿಂದಲೇ ಮಜ್ಜನ ಮಾಡಿದೆ.

ಸಂಜೆ ಕಟ್ಟೆಯಲ್ಲಿ ಓವರಸಿಯರರನ್ನು ಕೇಳಿದೆ. ಅವರು ತಲೆ ತಗ್ಗಿಸಲಿಲ್ಲ.

"ಹೇಳಿದ್ರ ಒಬ್ಬರರೆ ಸಲಿಕಿ ಹಿಡೀತಿದ್ರೇನ್ರಿ? ಕೆಲಸ ಸುರುನ ಆಗತಿರಲಿಲ್ಲ."

"ನನಗರೆ ಹೇಳಬಹುದಿತ್ತಲ್ರಿ."

"ನಿಮಗ ಹೇಳಿದ್ದರ ನೀವು ಲಿಂಗಾ ಮುಟ್ಟತಿದ್ರೇನು?"

ಪುರಾಣದ ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಎದ್ದೆ. ಮತ್ತೆಂದೂ ನಾವು ಜೊತೆಯಲ್ಲಿ ಕೂರಲಿಲ್ಲ.

ಆ ಮಳೆಗಾಲ ಕೆರೆ ಹಿಂದೆಂದೂ ಕಾಣದಷ್ಟು ತುಂಬಿತು. ಊರು ಅವರಿಗೆ ಶಾಲು ಹೊದಿಸಿತು. ಮುಂದೆ ಅವರು ಲಿಂಗೈಕ್ಯರಾದಾಗ ನಾನೂ ಹಿಡಿ ಮಣ್ಣು ಹಾಕಿ ಬಂದೆ. ಆ ಕೆರೆಯ ನೀರಿನಿಂದಲೇ ನನ್ನ ನಿತ್ಯಪೂಜೆ ನಡೆದಿದೆ. ನೀರಿನ ಮೇಲೆ ನನಗೆ ಮುನಿಸಿಲ್ಲ.

"ಈ ಸಲಾನೂ ನೀವ ಒಂದ ಮಾತ ಹೇಳ್ರಿ, ಅಜ್ಜಾರ," ಎಂದರು ಮೊನ್ನೆ ಪಂಚಾಯತಿಯವರು. "ನೀವು ಹೇಳಿದ್ರ ಊರು ಕೇಳತೈತಿ."

"ಮೊದಲ ಕೆರಿ ನಡುವ ಒಡ್ಡು ಹಾಕ್ರಿ. ಆಮ್ಯಾಲ ಬರ್ರಿ," ಎಂದೆ.

ಅವರು ಹೋದ ಮೇಲೆ ಆ ಹೆಂಟೆಯನ್ನು ಬಿಲ್ವದ ಬುಡಕ್ಕೆ ಹಾಕಿ ಕೈ ತೊಳೆದುಕೊಂಡೆ. ಸಂಜೆ ಎಂದಿನಂತೆ ಗ್ರಂಥ ಹಿಡಿದು ಗುಡಿಗೆ ಹೋದೆ. ಪಕ್ಕದ ಜಾಗ ಖಾಲಿಯೇ ಇತ್ತು. ಓದುತ್ತ ಓದುತ್ತ ನನ್ನ ಮುಖ ಇಂದಿಗೂ ಅತ್ತಲೇ ತಿರುಗುತ್ತದೆ...