ಎಮ್ಮೆ ಎಳೆದ ಹರಿಗೋಲು

ಮದುವೆಯಾಗಿ ವರ್ಷವಾಗುತ್ತ ಬಂದರೂ ನಾನು ನನ್ನ ಹೆಂಡತಿಯ ಮುಖವನ್ನು ಹಗಲು ಬೆಳಕಿನಲ್ಲಿ ನೆಟ್ಟಗೆ ನೋಡಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ. ಹೊಸಪೇಟೆಯ ನಮ್ಮ ಮನೆಯಲ್ಲಿ ಹಗಲೆಂಬುದು ಹಿರಿಯರ ಆಸ್ತಿಯಾಗಿತ್ತು. ನಾನು ಪಡಸಾಲೆಗೆ ಬಂದರೆ ಪಾರ್ವತಿ ಅಡುಗೆಮನೆಗೆ ಹೋಗುವಳು. ನೀರು ಕುಡಿಯುವ ನೆಪದಲ್ಲಿ ನಾನು ಅಡುಗೆಮನೆಗೆ ಹೋದರೆ ಅವಳು ಹಿತ್ತಲಿಗೆ. ಆ ಬೇಸಿಗೆಯಲ್ಲಿ ನಾನು ವಿಪರೀತ ನೀರು ಕುಡಿದೆ. ಹುಡುಗನಿಗೆ ಪಿತ್ತವಾಗಿದೆಯೆಂದು ಅವ್ವ ಜೀರಿಗೆ ಕಷಾಯ ಕುಡಿಸಿದಳು.

ನನ್ನ ತಲೆ ಕೆಡಿಸಿದವನು ಒಬ್ಬ ಇಂಗ್ಲಿಷ್ ದೊರೆ. ಮದರಾಸು ಸರಕಾರದ ಕಾಲುವೆ ಇಲಾಖೆಯ ಆ ಇಂಜಿನಿಯರನಿಗೆ ನಾನು ಕನ್ನಡ ಕಲಿಸುತ್ತಿದ್ದೆ. ‘ಳ’ ಅಕ್ಷರದ ಹತ್ತಿರ ಬಂದು ನಾಲಿಗೆ ಸೋತ ದಿನ ಅವನು ಪುಸ್ತಕ ಮುಚ್ಚಿ ತನ್ನ ಊರಿನ ಚಿತ್ರಗಳನ್ನು ತೆಗೆಯುತ್ತಿದ್ದ. ಒಂದು ಚಿತ್ರದಲ್ಲಿ ಕಿರಿದಾದ ಕಾಲುವೆ, ಅದರಲ್ಲಿ ಓಣಿಯಷ್ಟು ಉದ್ದದ ಸಪೂರ ದೋಣಿ; ದಂಡೆಯ ಮೇಲೆ ಒಂದು ಕುದುರೆ ಹಗ್ಗ ಕಟ್ಟಿಸಿಕೊಂಡು ಅದನ್ನು ಎಳೆಯುತ್ತಿದೆ. ದೋಣಿಯಲ್ಲಿ ದೊರೆ, ಪಕ್ಕದಲ್ಲಿ ಮೈಗೆ ಮೈ ತಾಗಿಸಿಕೊಂಡು ದೊರೆಸಾನಿ, ಇಬ್ಬರ ಕೈಯಲ್ಲೂ ಚಹಾ. ಇಡೀ ದಿನ ಹೀಗೇ ಹೋಗುವುದಂತೆ. ಎಲ್ಲಿಗೆ ಎಂದು ಕೇಳಿದೆ. ‘ಎಲ್ಲಿಗೂ ಇಲ್ಲ’ ಎಂದ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ವಿಜಯನಗರದ ಅರಸರು ನಮ್ಮ ನೆಲದಲ್ಲಿ ಎಷ್ಟೊಂದು ಕಾಲುವೆ ತೋಡಿಸಿದರು! ಬಾಳೆಗೆ ನೀರು, ಕಬ್ಬಿಗೆ ನೀರು, ಭತ್ತಕ್ಕೆ ನೀರು. ಆದರೆ ಹೆಂಡತಿಯ ಪಕ್ಕದಲ್ಲಿ ಕುಳಿತು ಎಲ್ಲಿಗೂ ಹೋಗದೆ ಇರುವುದಕ್ಕೂ ಕಾಲುವೆ ಒದಗುತ್ತದೆಂದು ಆ ಮಹಾನುಭಾವರಿಗೆ ಹೊಳೆದಿರಲಿಲ್ಲ. ಆ ಕೊರತೆಯನ್ನು ನಾನು ತುಂಬಬೇಕೆಂದು ನಿಶ್ಚಯಿಸಿದೆ. ಒಂದೇ ಒಂದು ಹಗಲು ಅವಳ ಪಕ್ಕದಲ್ಲಿ ಕುಳಿತು ನಾಲ್ಕು ಮಾತಾಡಿದರೆ ನನಗೆ ಸಾಕಾಗಿತ್ತು.

ಆರಿಸಿಕೊಂಡದ್ದು ಹಂಪಿಯ ತುರ್ತಾ ಕಾಲುವೆ. ಹೆಂಡತಿಯನ್ನು ವಿಹಾರಕ್ಕೆ ಕರೆದೊಯ್ಯುತ್ತೇನೆಂದು ಮನೆಯಲ್ಲಿ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ‘ನೀರಿನ ದಾರಿಯಲ್ಲಿ ಹೋಗಿ ವಿರೂಪಾಕ್ಷನ ದರ್ಶನ ಮಾಡೋಣ’ ಎಂದೆ. ಇದರ ಫಲವಾಗಿ ಅವ್ವ ಹೊರಟಳು. ಅವ್ವ ಹೊರಟಳೆಂದು ಸೋದರತ್ತೆಯೂ ಹೊರಟಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಡಿಗೆ ಮೊಸರು ಸಹ ಹೊರಟವು.

ಇಂಗ್ಲಿಷರ ಉದ್ದನೆಯ ದೋಣಿ ಇಲ್ಲಿ ಸಿಗುವಂತಿರಲಿಲ್ಲ. ಸಿಕ್ಕಿದ್ದು ಅಂಬಿಗ ಹನುಮಪ್ಪನ ಹರಿಗೋಲು, ಬುಟ್ಟಿಯಂತೆ ದುಂಡಗಿನದು. ಕುದುರೆಯೂ ಸಿಗಲಿಲ್ಲ. ಸಂಡೂರಿನ ಅರಮನೆಯ ಕುದುರೆಗಳನ್ನು ನನಗೆ ಯಾರು ಕೊಡಬೇಕು? ಜಟಕಾ ಕುದುರೆಗೆ ರೈಲ್ವೆ ಸ್ಟೇಷನ್ ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಯ ಎಮ್ಮೆ ಕೆಂಚಿಯನ್ನೇ ಹೊಡೆದುಕೊಂಡು ಹೋದೆವು.

‘ನೀರು ತಾನಾ ಒಯ್ತೈತಲ್ರಿ ಮೇಷ್ಟ್ರೇ, ಎಮ್ಮಿ ಯಾಕ್ರಿ?’ ಎಂದ ಹನುಮಪ್ಪ.

ಚಿತ್ರದಲ್ಲಿ ಹಗ್ಗವಿತ್ತು, ಆದ್ದರಿಂದ ಹಗ್ಗ ಬೇಕು ಎಂದೆ.

‘ಆತು. ಹಗ್ಗ ಮುಂದ್ಕ ಕಟ್ಲೇನ್ರಿ?’

‘ಹೂಂ, ಮುಂದಕ್ಕೆ.’

ಅವನು ಹರಿಗೋಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಮುಂದ ಅಂದ್ರ ಯಾವ ಕಡಿರಿ?’ ಎಂದ. ನಾನೂ ಒಂದು ಪ್ರದಕ್ಷಿಣೆ ಹಾಕಿದೆ. ದುಂಡಗಿನ ವಸ್ತುವಿಗೆ ಮುಂದು ಇರುವುದಿಲ್ಲ ಎಂಬ ಸತ್ಯ ಬಿ.ಎ. ಓದಿದ ನನಗೆ ಅಂದು ತಿಳಿಯಿತು.

ಅವ್ವನಿಗೆ ಅದು ತಿಳಿಯಲಿಲ್ಲ. ಹರಿಗೋಲಿನ ಚರ್ಮ ಮೈಲಿಗೆಯೆಂದು ಕಂಬಳಿ ಹಾಸಿ, ಆಮೇಲೆ ನಮ್ಮನ್ನು ಮರ್ಯಾದೆಯ ಪ್ರಕಾರ ಕೂರಿಸಿದಳು. ಗಂಡಸಾದ ನಾನು ಮುಂದೆ, ನಡುವೆ ಸೋದರತ್ತೆ ಮತ್ತು ಅವ್ವ, ಹಿರಿಯರ ಬೆನ್ನ ಹಿಂದೆ ಸೊಸೆ. ಹನುಮಪ್ಪ ದಂಡೆಯ ಮೇಲೆ ಕೆಂಚಿಯನ್ನು ಹೊರಡಿಸಿದ. ಹರಿಗೋಲು ಗಿರ್ರನೆ ತಿರುಗಿತು. ಸೊಸೆ ಮುಂದೆ ಬಂದಳು, ನಾನು ಹಿಂದಾದೆ.

‘ಏ ಪಾರ್ವತಿ, ಹಿಂದ್ಕ ಸರಿಯವ್ವಾ!’ ಎಂದಳು ಅವ್ವ.

ಅವಳು ಹಿಂದೆ ಸರಿಯುವಷ್ಟರಲ್ಲಿ ಹಿಂದು ಮುಂದಾಗಿತ್ತು. ಮತ್ತೆ ಸರಿದಳು. ಹೀಗೆ ನನ್ನ ಹೆಂಡತಿ ಮರ್ಯಾದೆಯನ್ನು ಅಟ್ಟಿಸಿಕೊಂಡು ಹರಿಗೋಲಿನ ತುಂಬ ಸುತ್ತಿದಳು. ಪ್ರತಿ ಸುತ್ತಿಗೂ ನನ್ನ ಮುಂದೆ ಹಾಯುತ್ತಿದ್ದಳು. ಸೆರಗಿನೊಳಗೆ ನಗುತ್ತಿದ್ದಾಳೆಂದು ಭುಜ ಅಲುಗುವುದರಿಂದ ಗೊತ್ತಾಯಿತು. ಸೋದರತ್ತೆ ಮಾತ್ರ ಮೊಸರಿನ ಗಡಿಗೆ ತಬ್ಬಿಕೊಂಡು ಶಿವಶಿವಾ ಎನ್ನುತ್ತಿದ್ದಳು.

ಅಷ್ಟರಲ್ಲಿ ಬಿಸಿಲು ಏರಿತು. ಇಂಗ್ಲೆಂಡಿನ ಕುದುರೆ ನೀರಿನ ಪಕ್ಕದಲ್ಲಿ ನಡೆಯುತ್ತದೆ. ಹಂಪಿಯ ಬಿಸಿಲಿನಲ್ಲಿ ಎಮ್ಮೆಯನ್ನು ನೀರಿನ ಪಕ್ಕದಲ್ಲಿ ನಡೆಸುವ ಯೋಚನೆ ನನ್ನಂಥವನಿಗೇ ಬರಬೇಕು. ಕೆಂಚಿ ಒಮ್ಮೆ ನಿಂತಳು, ಕಾಲುವೆಯನ್ನು ನೋಡಿದಳು, ನಿಧಾನವಾಗಿ ಇಳಿದು ಬಂದು ನಮ್ಮೆದುರಿಗೆ ಅಡ್ಡಲಾಗಿ ಮಲಗಿಬಿಟ್ಟಳು. ಹರಿಗೋಲು ಅವಳ ಹೊಟ್ಟೆಗೆ ಆತುಕೊಂಡು ನಿಂತಿತು. ಹನುಮಪ್ಪ ಕೂಗಿದ, ಬಾಲ ತಿರುಚಿದ, ಕೊನೆಗೆ ಬೇವಿನ ಮರದ ಕೆಳಗೆ ಕುಳಿತು ಬೀಡಿ ಹಚ್ಚಿದ.

‘ನಾ ಹಾಲು ಕರಿಯೋಳು, ನಾ ಹೇಳಿದ್ರ ಏಳ್ತಾಳ’ ಎಂದು ಅವ್ವ ದಂಡೆ ಹತ್ತಿದಳು. ಗಡಿಗೆಯ ಸಮೇತ ಸೋದರತ್ತೆಯೂ ಹತ್ತಿದಳು.

ಹರಿಗೋಲಿನಲ್ಲಿ ಉಳಿದವರು ನಾವಿಬ್ಬರೇ. ಹಾಡೇ ಹಗಲು! ಇದಕ್ಕಾಗಿ ಎಷ್ಟು ಮಾತು ಕೂಡಿಟ್ಟಿದ್ದೆ! ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಅವಳ ಗಲ್ಲದ ಮೇಲೊಂದು ಸಣ್ಣ ಮಚ್ಚೆ ಇದ್ದದ್ದು ಮಾತ್ರ ಕಂಡಿತು. ಕೊನೆಗೆ, ‘ಎಮ್ಮಿ ಏಳ್ತೈತೋ ಇಲ್ಲೋ’ ಎಂದೆ.

‘ಮಲಗ್ಲಿ ಬಿಡ್ರಿ, ಏನವಸರ?’ ಎಂದಳು.

ನಾನು ಅವಳ ಪಕ್ಕಕ್ಕೆ ಸರಿದು ಕುಳಿತೆ. ಅವಳು ಕಂಪ್ಲಿಯ ತವರಿನ ಕಬ್ಬಿನ ಗದ್ದೆ, ಗಾಣದ ಬಿಸಿ ಬೆಲ್ಲ, ತಂಗಿಯ ಜಗಳ ಎಲ್ಲ ಹೇಳಿದಳು. ನನ್ನ ಹೆಂಡತಿ ಇಷ್ಟು ಮಾತುಗಾರ್ತಿ ಎಂದು ನನಗೆ ಗೊತ್ತೇ ಇರಲಿಲ್ಲ. ನೆರಳು ಈ ದಂಡೆಯಿಂದ ಆ ದಂಡೆಗೆ ಹೋಯಿತು.

‘ಅವ್ವಗ ಇನ್ನಾ ಎಬ್ಬಿಸೋಕ ಆಗಿಲ್ಲ ನೋಡು’ ಎಂದೆ.

ಪಾರ್ವತಿ ಅತ್ತ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ‘ಅತ್ತಿಯೋರು ಎಬ್ಬಿಸ್ತಿಲ್ರಿ. ಕೊರಳ ಕೆಳಗ ತುರಿಸ್ತಾ ಕುಂತಾರ. ಅಲ್ಲಿ ತುರಿಸಿದ್ರ ಯಾವ ಎಮ್ಮಿ ಏಳ್ತೈತ್ರಿ?’

ಅವ್ವ ಮೊಣಕಾಲ ತನಕ ನೀರಿನಲ್ಲಿ ಕಾಲು ಬಿಟ್ಟುಕೊಂಡು, ಕೆಂಚಿಯ ಕೊರಳು ಕೆರೆಯುತ್ತ, ನಮಗೆ ಪೂರ್ತಿ ಬೆನ್ನು ತಿರುಗಿಸಿ ಕುಳಿತಿದ್ದಳು.